ಕಿವಿ ಒಪ್ಪಿದ ಗಾಡಿ

ತಮಿಳು ನಾಡಿನ ಸೋಮನೂರಿನ ಉಮಾಪತಿಯ ಪ್ರಕಾರ ಲೋಕದಲ್ಲಿ ಬುದ್ಧಿಯಿದ್ದ ಮನುಷ್ಯ ಒಬ್ಬನೇ ಇದ್ದ. ಅವನು ಸಿಗುತ್ತಿದ್ದದ್ದು ಬೆಳಗ್ಗೆ ಕ್ಷೌರದ ಕನ್ನಡಿಯಲ್ಲಿ ಮಾತ್ರ. ಉಳಿದವರನ್ನೆಲ್ಲ ಅವನು ಒಂದೇ ಗೂಟಕ್ಕೆ ಕಟ್ಟಿ ಹಾಕಿದ್ದ. ಮಗ್ಗದ ಮಾಲೀಕರು ಜಿಪುಣರು, ಕೂಲಿಯವರು ತೂಕಡಿಸುವ ಸೋಮಾರಿಗಳು, ಓದಿದವರು ಕಾಗದ ಹಿಡಿದ ಪೆದ್ದರು, ನೆಂಟರು ಇವರೆಲ್ಲರ ಮೊತ್ತ.

ಇಷ್ಟು ಸೊಕ್ಕಿಗೆ ಅವನಲ್ಲಿದ್ದ ಬಂಡವಾಳ ಎರಡು ಕಿವಿ. ಉಮಾಪತಿ ಪವರ್‌ಲೂಮ್ ಫಿಟ್ಟರ್. ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, “ಒಂಬತ್ತನೇದ್ರಲ್ಲಿ ಬೋಲ್ಟು ಸಡಿಲ” ಅನ್ನುತ್ತಿದ್ದ. ಹೋಗಿ ನೋಡಿದರೆ ಒಂಬತ್ತನೆಯದರಲ್ಲೇ ಸಡಿಲ. ಮಗ್ಗ ಬಿಚ್ಚುವ ಮುಂಚೆಯೇ ರೋಗ ಹೇಳುವ ಫಿಟ್ಟರ್ ಎಂದು ಸೂಲೂರಿನ ತನಕ ಹೆಸರು. ಸ್ಪ್ಯಾನರ್ ತಿರುಗಿಸಲು ಊರಲ್ಲಿ ನೂರು ಕೈಗಳಿದ್ದವು. ಉಮಾಪತಿಗೆ ಮಾಲೀಕರು ಕೂಲಿ ಕೊಡುತ್ತಿದ್ದದ್ದು ಆ ಕಿವಿಗೆ.

ಎರಡು ಸಾವಿರದ ಏಳನೇ ಇಸವಿಯಲ್ಲಿ ಅವನ ಮನೆಗೆ ಗಾಡಿ ಬೇಕಾಯಿತು. ಬೇಕಾದದ್ದು ಹೆಂಡತಿ ಸುಶೀಲಳಿಗೆ. ಅವಳ ತಾಯಿ ತಂಗಮ್ಮ ಪೊಳ್ಳಾಚಿಯಲ್ಲಿ, ಎರಡೂ ಮಂಡಿ ಸವೆದು, ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕೂತಿದ್ದಳು. ಇಬ್ಬರು ಮಕ್ಕಳು, ಅತ್ತೆ, ಅತ್ತೆಯ ಕಾಲು ನೀಡಲು ಜಾಗ, ಇಷ್ಟನ್ನು ಲೆಕ್ಕ ಹಾಕಿದರೆ ಮಾರುತಿ ಎಂಟುನೂರು ಸಾಲದು. ಏಳು ಜನ ಕೂರುವ ಗಾಡಿಯೇ ಆಗಬೇಕು. ಸುಶೀಲ ಹನ್ನೊಂದು ವರ್ಷ ಮನೆಯಲ್ಲೇ ರವಿಕೆ ಹೊಲಿದು, ಚೀಟಿ ಕಟ್ಟಿ ಕೂಡಿಸಿದ್ದು ಎರಡು ಲಕ್ಷ. ಹೊಸ ಗಾಡಿಯ ಅರ್ಧಕ್ಕೂ ಆಗದ ಹಣ ಅದು, ಹಾಗಾಗಿ ಹಳೆಯದನ್ನೇ ಹುಡುಕಬೇಕಿತ್ತು.

ಹಳೆಯ ಗಾಡಿ ಎಂದದ್ದೇ ತಡ, ಊರೆಲ್ಲ ಮೆಕ್ಯಾನಿಕ್ ಆಯಿತು. ಷಡ್ಡಕ ನಂಜಪ್ಪನ್ ನಂಬರ್ ಪ್ಲೇಟಿನ ಅಂಕಿ ಕೂಡಿಸಿದರೆ ಆರು ಬರಬೇಕೆಂದ. ಶೆಡ್ಡಿನ ಮಾಲೀಕ ಕುಪ್ಪಸಾಮಿ, ಡಾಕ್ಟರ್ ಓಡಿಸಿದ ಗಾಡಿಯಾದರೆ ಕಣ್ಣು ಮುಚ್ಚಿ ತಗೋ ಎಂದ. ಉಮಾಪತಿ ಎಲ್ಲರ ಮಾತಿಗೂ ತಲೆಯಾಡಿಸಿ, ಮನೆಗೆ ಬಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಹರಿದು ಹಾಕಿದ.

“ಅಂಕಿ ಕೂಡ್ಸಿದ್ರೆ ಎಂಜಿನ್ ಓಡ್ತದಾ? ಇವ್ನು ಹೆಂಡ್ತೀನ ಎಷ್ಟು ಬರ್ತದೆ ಅಂತ ಕೂಡ್ಸಿ ಕಟ್ಕೊಂಡ್ನಾ?”

“ಅವ್ಳು ನನ್ನ ಅಕ್ಕ,” ಎಂದಳು ಸುಶೀಲ.

“ಅದ್ಕೇ ಕೇಳ್ದೆ.”

ಎಲ್ಲರಿಗಿಂತ ಹೆಚ್ಚು ತಾತ್ಸಾರಕ್ಕೆ ಗುರಿಯಾದವನು ಮಾಳಿಗೆಯ ಬಾಡಿಗೆಯ ಹುಡುಗ ಸೂರಜ್. ದಾವಣಗೆರೆ ಕಡೆಯವನು, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಅವನ ಅಚ್ಚುಕಟ್ಟಾದ ಕನ್ನಡವೇ ಉಮಾಪತಿಗೆ ನಗೆ. ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊಸಿಲಾಚೆ ತಮಿಳು ಎಂದು ಬದುಕಿದ ನೇಕಾರರ ಮನೆ ಇದು. ಇಲ್ಲಿಗೆ ಬಂದು ಈ ಹುಡುಗ ಸುದ್ದಿ ಓದುವವನ ಹಾಗೆ ಮಾತಾಡುತ್ತಾನಲ್ಲ ಎಂದು. ಸೂರಜ್ ಒಳ್ಳೆಯ ಮನಸ್ಸಿನಿಂದ ಇಪ್ಪತ್ತೇಳು ಅಂಶಗಳ ಪಟ್ಟಿ ಬರೆದುಕೊಂಡು ಇಳಿದು ಬಂದ. ಟೈರು ಒಂದೇ ಕಡೆ ಸವೆದಿದೆಯೇ, ಆರ್‌ಸಿ ಪುಸ್ತಕದ ನಂಬರೂ ಎಂಜಿನ್ ಮೇಲಿನ ನಂಬರೂ ಒಂದೇ ಇದೆಯೇ, ಡಿಕ್ಕಿ ಹೊಡೆದು ಬಣ್ಣ ಬಳಿದಿದ್ದಾರೆಯೇ, ಹೀಗೆ.

“ಮುಖ್ಯವಾದದ್ದು ಇದು ಸರ್. ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿಸಿ ಕೇಳಬೇಕು. ನೀವು ಕೇಳಿ, ಇನ್ನೂ ಒಬ್ಬರಿಗೆ ಕೇಳಿಸಿ.”

“ಇನ್ನೊಬ್ರು ಯಾಕೆ?”

“ಒಬ್ಬರಿಗೆ ಕೇಳಿಸದೇ ಇದ್ದದ್ದು ಇನ್ನೊಬ್ಬರಿಗೆ ಕೇಳಿಸಬಹುದಲ್ವಾ ಸರ್.”

ಉಮಾಪತಿ ಆ ಪಟ್ಟಿಯನ್ನು ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟ. “ತಂಬಿ, ನಿಮ್ಮಪ್ಪ ಸ್ಕೂಲಿಗೆ ಹೋಗ್ತಿದ್ದಾಗ್ಲೇ ನಾನು ಮೆಷಿನ್ ಕೇಳ್ತಿದ್ದೆ,” ಎಂದ. ಲೆಕ್ಕ ತಪ್ಪಿತ್ತು, ಸೂರಜನ ಅಪ್ಪ ಉಮಾಪತಿಗಿಂತ ಹಿರಿಯ. ಹುಡುಗ ಮಾಳಿಗೆ ಹತ್ತಿದ.

ಹುಡುಗ ತಿಳಿಯದೆ ಹುಣ್ಣಿನ ಮೇಲೆಯೇ ಬೆರಳಿಟ್ಟಿದ್ದ. ಆರು ತಿಂಗಳಿಂದ ಉಮಾಪತಿಯ ಕಿವಿ ಅವನಿಗೆ ಕೈಕೊಡುತ್ತಿತ್ತು. ಕುಪ್ಪಸಾಮಿಯ ಶೆಡ್ಡಿನಲ್ಲಿ ಆರನೇ ಮಗ್ಗ ಚೆನ್ನಾಗಿದೆ ಎಂದು ಹೇಳಿ ಬಂದಿದ್ದ, ಮಧ್ಯಾಹ್ನವೇ ಅದರ ಶಾಫ್ಟ್ ಮುರಿಯಿತು. ಬೆಳಗಿನಿಂದಲೂ ಕಟಕಟ ಎನ್ನುತ್ತಿತ್ತಲ್ಲ ಎಂದ ಕೂಲಿಯವನಿಗೆ ಉಮಾಪತಿ ಎಲ್ಲರೆದುರು ಬೈದ. ಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿದರೂ ಪಕ್ಕದಲ್ಲೇ ಕೂತಿದ್ದ ಅವನು ಎದ್ದು ಒಲೆ ಆರಿಸಲಿಲ್ಲ. ಕುಕ್ಕರಿನ ಸೀಟಿ ಹೋಗಿದೆ ಎಂದು ಹೊಸದು ತಂದ. ಮೂವತ್ತು ವರ್ಷ ಮಗ್ಗದ ಶೆಡ್ಡಿನಲ್ಲಿದ್ದವರ ಕಿವಿ ಏನಾಗುತ್ತದೆಂದು ಸೋಮನೂರಿನಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ಆ ಊರಲ್ಲಿ ಮದುವೆ ಮಾತುಕತೆಯೂ ಜಗಳದ ದನಿಯಲ್ಲಿ ನಡೆಯುತ್ತದೆ. ಆದರೆ ಅದು ಉಳಿದವರ ಕಿವಿ. ತನ್ನದಕ್ಕೂ ಅದೇ ಗತಿ ಎಂದಾದರೆ ನಾಳೆಯಿಂದ ಯಾವ ಮಾಲೀಕನೂ ಕರೆಯುವುದಿಲ್ಲ ಎಂಬುದು ಉಮಾಪತಿಗೆ ಚೆನ್ನಾಗಿ ತಿಳಿದಿತ್ತು. ಹೆದರಿಕೆ ಹೆಚ್ಚಿದಷ್ಟೂ ಬಾಯಿ ಹೆಚ್ಚಾಯಿತು. ಗಾಡಿಯನ್ನು ತಾನೊಬ್ಬನೇ, ಬರೀ ಕಿವಿಯಿಂದಲೇ ಆರಿಸುತ್ತೇನೆಂದು ಪಣ ತೊಟ್ಟ. ಹೆಂಡತಿಯ ಹನ್ನೊಂದು ವರ್ಷದ ಹಣವನ್ನು ತನ್ನ ಕಿವಿಯ ಪರೀಕ್ಷೆಗೆ ಇಟ್ಟೆನೆಂದು ಅವನಿಗೆ ಅನ್ನಿಸಲೇ ಇಲ್ಲ. ಅನ್ನಿಸಿದ್ದರೂ ಇಡುತ್ತಿದ್ದ.

ಆ ಕಡೆ ಹಳೆಯ ಗಾಡಿ ಮಾರುವ ಅಂಗಡಿಗೆ ಕನ್ಸಲ್ಟಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ಇರುವುದು ಒಂದು ತಗಡಿನ ಚಪ್ಪರ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಸಾಲಾಗಿ ತೊಳೆದು ನಿಲ್ಲಿಸಿದ ಗಾಡಿಗಳು. ಮೋಹನ್‌ರಾಜನ ಕನ್ಸಲ್ಟಿಂಗ್‌ನಲ್ಲಿ ಒಂದು ಬಿಳಿ ಡೀಸೆಲ್ ಗಾಡಿ ಇತ್ತು. ಏಳು ಸೀಟು, ಎತ್ತರದ ಮೈ, ಒಂದು ಲಕ್ಷ ತೊಂಬತ್ತೈದು ಸಾವಿರ. ಅದರ ಕಂಪೆನಿಯ ಹೆಸರು ಇಲ್ಲಿ ಬೇಡ. ಕಂಪೆನಿ ಒಳ್ಳೆಯದನ್ನೇ ಮಾಡಿ ಕಳಿಸಿತ್ತು, ಕೆಡಿಸಿದ್ದು ಆಮೇಲೆ ಬಂದ ಮೂವರು ಯಜಮಾನರು.

ಸುಶೀಲ ಜೊತೆಗೆ ಬಂದಿದ್ದಳು, ಹಣದ ಚೀಲ ಅವಳ ಬಳಿಯೇ ಇತ್ತು. ಇವರು ಹೋಗುವಷ್ಟರಲ್ಲಿ ಮೋಹನ್‌ರಾಜ್ ಎಂಜಿನನ್ನು ಬಿಸಿ ಮಾಡಿಟ್ಟಿದ್ದ. ಅವನು ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದ. ಉಮಾಪತಿ ಟೈರು ನೋಡಲಿಲ್ಲ, ಪುಸ್ತಕ ಕೇಳಲಿಲ್ಲ. ಮೂರು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ, ಶೆಡ್ಡಿನ ಬಾಗಿಲಲ್ಲಿ ನಿಲ್ಲುವಂತೆಯೇ ಕಣ್ಣು ಮುಚ್ಚಿ ನಿಂತ. ಒಂದು ನಿಮಿಷ ಕಳೆಯಿತು.

“ಪಟ್ಟು! ಪಟ್ಟು ಮಾದಿರಿ ಓಡುದು,” ಎಂದ ತಮಿಳಿನಲ್ಲಿ. ರೇಷ್ಮೆಯ ಹಾಗೆ ಓಡುತ್ತಿದೆ ಎಂದು.

ಮೋಹನ್‌ರಾಜ್ ಬಾಯಿ ತೆರೆದುಕೊಂಡು ನೋಡಿದ. ಅದನ್ನು ಉಮಾಪತಿ ಮೆಚ್ಚುಗೆ ಎಂದುಕೊಂಡ. ಪಾಪ, ಇಂಥ ಕಿವಿಯನ್ನು ಈ ಪೆದ್ದ ಎಲ್ಲಿ ಕಂಡಿದ್ದಾನು! ದರ ಇಳಿಸಲು ಇಪ್ಪತ್ತು ಸಾವಿರದ ತನಕ ಸಿದ್ಧನಾಗಿ ಕೂತಿದ್ದ ಮೋಹನ್‌ರಾಜ್ ಒಂದು ರೂಪಾಯಿಯೂ ಇಳಿಸಬೇಕಾಗಿಲ್ಲವೆಂದು ಆ ಕ್ಷಣದಲ್ಲೇ ತಿಳಿದುಕೊಂಡ.

ಸುಶೀಲ ಗಾಡಿಯ ಹತ್ತಿರ ಹೋಗಿ ತಲೆ ಬಾಗಿಸಿ ನಿಂತಿದ್ದಳು. ಹಿಂದಿರುಗಿ ಗಂಡನ ಬಳಿ ಬಂದು ಕನ್ನಡದಲ್ಲಿ ಮೆಲ್ಲಗೆ ಏನೋ ಹೇಳಿದಳು. ಅವನು ಹುಬ್ಬು ಗಂಟಿಕ್ಕಿದ. ಅವಳು ಇನ್ನೊಮ್ಮೆ ಜೋರಾಗಿ ಹೇಳಿದಳು, ಏನ್ರೀ ಎನ್ನುವುದಕ್ಕೆ ಆ ಕಡೆಯ ಏನುಂಗ ಸೇರಿಸಿ. “ಏನುಂಗ, ಒಳಗೆ ಏನೋ ಸುತ್ತಿಗೇಲಿ ತಟ್ದಂಗೆ ಕೇಳ್ತದೆ. ಬಿಟ್ಟು ಬಿಟ್ಟು ತಟ್ತದೆ.”

ಉಮಾಪತಿ ಗಾಡಿಗೆ ಒಂದು ಹೆಜ್ಜೆ ಹತ್ತಿರ ಬಂದ. ಅವನು ಮತ್ತೆ ಕಿವಿಗೊಟ್ಟ. ಗಾಡಿಯ ಗುಡುಗುಡು ಮಾತ್ರ, ದೂರದಲ್ಲಿ, ಗೋಡೆಯಾಚೆಯಿಂದ ಬಂದಂತೆ. ತಟ್ಟುವ ಸದ್ದನ್ನು ಹುಡುಕಿದ, ಸಿಗಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ ಎಂದೂ ಅವನಿಗೆ ಗೊತ್ತಿತ್ತು. ‘ಇದು ಬೇಡ, ಬಾ’ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಅವಳಿಗೆ ಕೇಳಿಸಿದ್ದು ತನಗೆ ಕೇಳಿಸಲಿಲ್ಲ ಎಂದು ಒಪ್ಪಿಕೊಂಡಂತೆ. ಅದೂ ಮೋಹನ್‌ರಾಜನಂಥ ಎರಡು ಕಾಸಿನ ದಲ್ಲಾಳಿಯ ಎದುರು.

“ತಟ್ತಾ ಇರೋದು ನಿನ್ನ ತಲೆಯೊಳಗೆ,” ಎಂದ, ಚಪ್ಪರಕ್ಕೆಲ್ಲ ಕೇಳುವಂತೆ, ಬೇಕೆಂದೇ ತಮಿಳಿಗೆ ತಿರುಗಿ. “ರವಿಕೆ ಹೊಲಿಯೋಳಿಗೆ ಎಂಜಿನ್ ಏನು ತಿಳಿಯುತ್ತೆ? ಹಣ ಕೊಡು ಇಲ್ಲಿ.”

ಚಪ್ಪರದ ಕುರ್ಚಿಗಳಲ್ಲಿ ಕೂತಿದ್ದವರು ನಕ್ಕರು. ಸುಶೀಲಳ ಮುಖ ಕೆಂಪಾಯಿತು. ಅವಳು ಚೀಲ ಕೊಟ್ಟಳು, ಆದರೆ ಕೊಡುವ ಮುಂಚೆ ಅವನ ಮುಖವನ್ನೂ ಅವನ ಕಿವಿಯನ್ನೂ ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಏನು ನೋಡಿದಳೋ, ಅಂದಿನಿಂದ ಅವನ ಜೊತೆ ಮಾತಾಡುವಾಗಲೆಲ್ಲ ಎದುರಿಗೆ ಬಂದು ನಿಂತು, ಬಾಯಿ ಬಿಡಿಸಿ ಮಾತಾಡತೊಡಗಿದಳು.

ಗಾಡಿ ಹದಿನೈದು ದಿನ ಓಡಿತು. ಆ ಹದಿನೈದು ದಿನವೂ ಉಮಾಪತಿ ನಂಜಪ್ಪನ್‌ನನ್ನು, ಸೂರಜನನ್ನು, ಊರಿನ ಗಾಡಿ ಇದ್ದವರನ್ನೆಲ್ಲ ಹಂಗಿಸಿದ. ಹದಿನಾರನೆಯ ದಿನ ಭಾನುವಾರ, ಪೊಳ್ಳಾಚಿಗೆ ಹೋಗಿ ತಂಗಮ್ಮನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಟರು. ಮುದುಕಿ ಕಾಲು ನೀಡಿಕೊಂಡು ಅಳಿಯನನ್ನು ಹರಸಿದಳು. ಕಿಣತ್ತುಕಡವು ದಾಟುವಷ್ಟರಲ್ಲಿ ಮಕ್ಕಳು ಕಿವಿ ಮುಚ್ಚಿಕೊಂಡರು. ರಸ್ತೆ ಬದಿಯ ಜನ ತಿರುಗಿ ನೋಡಿದರು. ಸುಶೀಲ ಗಾಡಿ ಓಡಿಸುತ್ತಿದ್ದ ಗಂಡನ ತೋಳು ಹಿಡಿದು ಅಲ್ಲಾಡಿಸಿ, “ನಿಲ್ಸುಂಗ, ನಿಲ್ಸುಂಗ!” ಎಂದಳು. ಅವನು ತೋಳು ಕೊಡವಿದ. ಅರ್ಧ ಮೈಲಿ ಹೋದ ಮೇಲೆ ಒಳಗಿನಿಂದ ಒಂದು ಪೆಟ್ಟು ಬಿತ್ತು. ಅದು ಅವನಿಗೆ ಪಾದದಲ್ಲಿ ತಿಳಿಯಿತು. ಗಾಡಿ ನಿಂತಿತು, ಹೊಗೆ ಎದ್ದಿತು.

ಹತ್ತಿರದ ವರ್ಕ್‌ಶಾಪಿನ ದೊರೈಸಾಮಿ ಬಂದು ನೋಡಿದ. ತಂಗಮ್ಮನನ್ನು ಇಬ್ಬರು ಹಿಡಿದು ಇಳಿಸಿ ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಕೂರಿಸಿದ್ದರು. ದೊರೈಸಾಮಿ ಕೆಳಗೆ ನುಸುಳಿ ಎದ್ದು, ಕೈಗಂಟಿದ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ತೋರಿಸಿದ. ಬೇರಿಂಗ್ ಪುಡಿಯಾಗಿ ಎಂಜಿನ್ ಹಿಡಿದುಕೊಂಡಿತ್ತು. ಬೇರಿಂಗಿನ ಸದ್ದು ಅಡಗಿಸಲು ಮಂದ ಎಣ್ಣೆ ಸುರಿದು ಮಾರಿದ್ದರು. ಸರಿಮಾಡಲು ಎಂಬತ್ತು ಸಾವಿರ, ಇಲ್ಲವೆಂದರೆ ಗುಜರಿಗೆ.

“ಎಲ್ಲಿಂದ ಬರ್ತಿದ್ದೀರಿ?” ಎಂದು ತಮಿಳಿನಲ್ಲಿ ಕೇಳಿದ.

“ಸೋಮನೂರು,” ಎಂದಳು ಸುಶೀಲ.

“ಓ, ನನ್ನ ಭಾವಂದಿರ ಮಗ್ಗ ಅಲ್ಲೇ ಇದಾವೆ. ವಾರಕ್ಕೊಮ್ಮೆ ಬರ್ತೀನಿ.” ಅವನು ಗಾಡಿಯನ್ನು ಇನ್ನೊಮ್ಮೆ ನೋಡಿ ತಲೆ ಕೊಡವಿದ. “ಇದು ಇವತ್ತು ನಿನ್ನೆಯ ಸದ್ದಲ್ಲ. ಎಷ್ಟೇ ಎಣ್ಣೆ ಸುರಿದಿದ್ರೂ ಕೊಳ್ಳೋವಾಗಲೇ ಸತ್ತವರಿಗೂ ಕೇಳಿಸ್ತಿತ್ತು. ಯಾರು ಇದನ್ನ ಕೇಳಿ ನೋಡಿ ಕೊಂಡದ್ದು?”

ಉಮಾಪತಿ ಅವನ ತುಟಿಯನ್ನೇ ನೋಡುತ್ತಿದ್ದ. ಪ್ರಶ್ನೆ ಪೂರ್ತಿ ತಿಳಿಯಿತು. ಭಾವಂದಿರ ಮಗ್ಗ ಎಂಬುದೂ ತಿಳಿಯಿತು. ಇವನು ಮುಂದಿನ ವಾರ ಸೋಮನೂರಿನಲ್ಲಿ ಚಹಾ ಕುಡಿಯುತ್ತ ಇದನ್ನು ಹೇಳಿದರೆ, ಅದರ ಮಾರನೆಯ ದಿನ ಯಾವ ಶೆಡ್ಡಿನ ಬಾಗಿಲೂ ತನಗೆ ತೆರೆಯದು.

“ನಾನ್ ತಾನುಂಗ,” ಎಂದಳು ಸುಶೀಲ. ತಾನೇ ಎಂದು. ಆಮೇಲೆ ತಡೆಯಿಲ್ಲದೆ ಮುಂದುವರಿಸಿದಳು. ಇವರು ಬೇಡವೆಂದೇ ಹೇಳಿದರು, ಬಿಳಿ ಬಣ್ಣ ನೋಡಿ ತಾನೇ ಹಟ ಹಿಡಿದೆ, ಹಣ ತನ್ನದಾದ್ದರಿಂದ ಇವರು ಸುಮ್ಮನಾದರು ಎಂದು. ಮರದ ಕೆಳಗಿನಿಂದ ತಂಗಮ್ಮ ಮಗಳನ್ನು ಎರಡು ಮಾತು ಬೈದಳು.

ದೊರೈಸಾಮಿ ಗಟ್ಟಿಯಾಗಿ ನಕ್ಕ. “ಹೆಂಗಸರನ್ನ ಮುಂದೆ ಬಿಟ್ಟು ಗಾಡಿ ಕೊಂಡರೆ ಹೀಗೇ ಆಗೋದು, ಅಣ್ಣಾ,” ಎಂದು ಉಮಾಪತಿಯ ಭುಜ ತಟ್ಟಿದ.

ಸುಶೀಲ ಗಂಡನ ಮುಖ ನೋಡಿದಳು. ಉಮಾಪತಿ ದೊರೈಸಾಮಿಯ ಜೊತೆ ಸೇರಿ ನಕ್ಕ, ಅವನಿಗಿಂತ ಜೋರಾಗಿ.