ಟಿಟ್ಟಿಭ ಬರುವವರೆಗೂ

ಶ್ರೀನಿವಾಸಪುರದಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಬಸ್ ಕಂಡಕ್ಟರ್. ಬೆಳಗಿನ ವಾಕಿಂಗಿನಲ್ಲೂ "ಮುಂದಕ್ಕೆ ಹೋಗಿ, ಜಾಗ ಐತೆ" ಎಂದು ನಮ್ಮನ್ನು ಓಡಿಸುತ್ತಿದ್ದರು. ನಿಂತು ಮಾತಾಡುವಾಗ ಅವರ ಬಲಗೈ ತಾನಾಗಿಯೇ ಮೇಲೆದ್ದು, ಇಲ್ಲದ ಕಂಬಿಯನ್ನು ಹುಡುಕುತ್ತಿತ್ತು.

ಹೋದ ವರ್ಷ ವಾಕಿಂಗ್ ಗೆಳೆಯರೆಲ್ಲ ರಾಜಹಂಸಗಳನ್ನು ನೋಡಲು ಆಂಧ್ರದ ಕಡಲಂಚಿನ ಪಕ್ಷಿಧಾಮಕ್ಕೆ ಹೋದೆವು. ಉತ್ಸಾಹದಲ್ಲಿ ಕಂಡಕ್ಟರೇ ಮುಂದೆ ನಡೆದರು. ಇದ್ದಕ್ಕಿದ್ದಂತೆ ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತ ಅವರ ಸುತ್ತ ಹಾರತೊಡಗಿತು. ಎತ್ತಿದ ಕಾಲನ್ನು ಅವರು ಹಾಗೇ ತಡೆದರು. ಕೆಳಗೆ ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು.

"ಯಾರೂ ಮುಂದಕ್ಕೆ ಬರಬೇಡಿ! ಸುತ್ಕೊಂಡು ಹೋಗಿ!"

ನಾವು ಸುತ್ತಿಕೊಂಡು ನೀರಿನ ಹತ್ತಿರ ಹೋದೆವು. ಅವರು ಮಾತ್ರ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಂದೆ ಬಂದ ಇನ್ನೊಂದು ಗುಂಪಿಗೆ "ಪಕ್ಕಕು ಪೋಂಡಿ" ಎಂದು ತೆಲುಗಿನಲ್ಲಿ ಕೈಬೀಸುತ್ತಿದ್ದರು.

"ಬನ್ನಿ ಅಣ್ಣಾ, ರಾಜಹಂಸ ಕಾಣ್ತಾವೆ!" ಎಂದು ಕೂಗಿದೆ.

"ನೀವು ನೋಡ್ಕೊಂಡ್ ಬನ್ನಿ. ಆ ಯಮ್ಮ ಬಂದು ಕೂತ್ಕೊಳ್ಳೋವರ್ಗೂ ನಾನು ಬರಲ್ಲ."

ಅಷ್ಟರಲ್ಲಿ ರಾಜಹಂಸಗಳ ಹಿಂಡೇ ಎದ್ದು, ಗುಲಾಬಿ ರೆಕ್ಕೆ ಬಿಚ್ಚಿ, ಅವರ ನೆತ್ತಿಯ ಮೇಲೆಯೇ ಹಾರಿಹೋಯಿತು. ಅವರು ತಲೆ ಎತ್ತಲಿಲ್ಲ. ಟಿಟ್ಟಿಭ ಮೆಲ್ಲಗೆ ಮೊಟ್ಟೆಗಳತ್ತ ನಡೆದು ಬರುತ್ತಿತ್ತು.