ಬಗ್ಗಿದ ಬೆನ್ನಿನ ಅಳತೆ

ಟೇಪಮ್ಮನ ಕೊರಳಲ್ಲಿ ಅಳತೆ ಟೇಪು ಇಲ್ಲದ ಹೊತ್ತನ್ನು ಕಂಡವರಿಲ್ಲ. ಊಟಕ್ಕೆ ಕೂತಾಗಲೂ ಇರುತ್ತೆ, ಬಸ್ಸಿಗೆ ಕಾಯುವಾಗಲೂ ಇರುತ್ತೆ. ಹೊಸ ಬೀಗರು ಮೊದಲ ಸಲ ಮನೆಗೆ ಬಂದ ದಿನ ಅದನ್ನು ಹಾಗೇ ನೇತುಹಾಕಿಕೊಂಡು ಬಾಗಿಲು ತೆಗೆದರಂತೆ. ಬೀಗಿತ್ತಿ ಅದ್ಯಾವುದೋ ಹೊಸ ನಮೂನೆಯ ಸರ ಅಂದುಕೊಂಡು, "ಚೆನ್ನಾಗಿದೆ, ಎಲ್ಲಿ ಮಾಡ್ಸಿದ್ರಿ?" ಎಂದು ಕೇಳಿಯೂ ಬಿಟ್ಟರಂತೆ.

ಟೇಪಮ್ಮ ಎಂಬ ಹೆಸರಿಟ್ಟವರು ಶಿಬಿರದ ಮಕ್ಕಳು. ಬೇಸಿಗೆ ರಜೆಯಲ್ಲಿ ಶಾಲೆ ಖಾಲಿಯಾದ ಮೇಲೆ ಅಲ್ಲಿ ನಾಲ್ಕು ವಾರ ನಾಟಕದ ಶಿಬಿರ. ಹದಿಮೂರರಿಂದ ಹದಿನೇಳರ ನಡುವಿನ ನಲವತ್ತು ಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ಕುಣಿಯುತ್ತಾರೆ, ಕಿರುಚುತ್ತಾರೆ, ಜಗಳಾಡುತ್ತಾರೆ, ಕೊನೆಯ ದಿನ ಒಂದು ನಾಟಕ ಆಡುತ್ತಾರೆ. ಅಷ್ಟೂ ಜನಕ್ಕೆ ಬಟ್ಟೆ ಹೊಲಿಯುವ ಕೆಲಸ ಟೇಪಮ್ಮನದು. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಅವರ ಮೆಷಿನ್ನು. ಮೂಲೆಯಲ್ಲಿ ನಿಂತ ಅಸ್ಥಿಪಂಜರದ ಹೆಗಲಿಗೆ ಅರ್ಧ ಹೊಲಿದ ಕೋಟು. "ಇಡೀ ಶಿಬಿರದಲ್ಲಿ ಇವನೊಬ್ಬನೇ ಕಣ್ರೋ, ಅಳತೆ ತಗೊಳ್ವಾಗ ಕಿಸಿಕಿಸಿ ನಗದೆ ನಿಲ್ಲೋನು" ಎಂದು ಅದರ ಬೆನ್ನು ತಟ್ಟುತ್ತಾರೆ.

ಇದಕ್ಕೂ ಮೊದಲು ಅವರು ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದರು. ತೋಳು ಬೇರೆಯವರದು, ಜೇಬು ಬೇರೆಯವರದು, ಇವರದು ಬರೀ ಕಾಲರ್. "ಎಷ್ಟು ಲಕ್ಷ ಹೊಲಿದ್ನೋ ಲೆಕ್ಕ ಇಲ್ಲ. ಒಂದು ಕುತ್ತಿಗೆನೂ ಕಾಣ್ಲಿಲ್ಲ ನೋಡಿ" ಎನ್ನುತ್ತಾರೆ. ಕಾರ್ಖಾನೆ ಮುಚ್ಚಿತು, ಶಿಬಿರ ಸಿಕ್ಕಿತು, ಕಣ್ಣೆದುರಿಗೇ ಕುತ್ತಿಗೆಗಳು ಬಂದು ನಿಂತವು. ಅವತ್ತೇ ಒಂದು ತೀರ್ಮಾನ ಮಾಡಿಕೊಂಡರು: ಎದುರಿಗೆ ಬಂದ ಮೈ ಹೇಗಿದೆಯೋ ಹಾಗೇ ಹೊಲಿಯುವುದು. ಒಂದು ಹೆಗಲು ಇಳಿದಿದ್ದರೆ ಯಾರಿಗೂ ಹೇಳದೆ ಒಳಗೊಂದು ಹತ್ತಿಯ ದಿಂಬು. ಹೊಟ್ಟೆ ಮುಂದಿದ್ದರೆ ಮುಂದಿನ ತುಂಡು ಅಗಲ. ಯಾವ ಮಗುವಿಗೂ "ಹೊಟ್ಟೆ ಒಳಗೆ ಎಳ್ಕೋ" ಎಂದು ಹೇಳಿದವರಲ್ಲ. ಹತ್ತು ಬೇಸಿಗೆ ಹೀಗೇ ಹೋಯಿತು, ಒಂದೂ ಅಳತೆ ತಪ್ಪಲಿಲ್ಲ. ಆ ವಿಷಯದಲ್ಲಿ ಟೇಪಮ್ಮನಿಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಹನ್ನೊಂದನೆಯ ಬೇಸಿಗೆ ಬಂದಳು ಒಬ್ಬ ಹುಡುಗಿ. ಹದಿನೈದು ವರ್ಷ, ಶಿಬಿರದ ಗಂಡು ಹುಡುಗರಿಗಿಂತ ಒಂದು ತಲೆ ಎತ್ತರ. ಅವಳ ಶಾಲೆಯಿಂದಲೇ ಬಂದಿದ್ದ ಇಬ್ಬರು ಹುಡುಗಿಯರು ಅಡ್ಡಹೆಸರನ್ನೂ ಜೊತೆಗೇ ತಂದಿದ್ದರು: ಏಣಿ. ಆ ಎತ್ತರವನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದೆ ಹುಡುಗಿ ಅದನ್ನು ಬೆನ್ನಿನಲ್ಲಿ ಮಡಚಿಟ್ಟುಕೊಂಡಿದ್ದಳು. ಹೆಗಲು ಮುಂದಕ್ಕೆ, ಗಲ್ಲ ಎದೆಗೆ, ಕಣ್ಣು ನೆಲಕ್ಕೆ. ಯಾವ ಪಾತ್ರ ಬೇಕು ಎಂದು ನಾಟಕದ ಮೇಷ್ಟ್ರು ಕೇಳಿದರೆ, "ಮರ" ಎಂದಳು. "ಮರ ಮಾತಾಡೋ ಹಾಗಿಲ್ಲ ಅಲ್ವಾ ಸರ್?"

ಎರಡನೆಯ ದಿನ ಅಳತೆಗೆ ಬಂದಳು.

"ಆರಾಮಾಗಿ ನಿಂತ್ಕೋ ಮಗಾ."

"ಹೀಗೇ ನಿಲ್ಲೋದು ಆಂಟಿ ನಾನು."

ಟೇಪಮ್ಮ ಹಾಗೇ ಟೇಪು ಹಿಡಿದರು. ಬೆನ್ನಿನುದ್ದ, ಎದೆಯುದ್ದ, ಸೊಂಟ ಎಲ್ಲ ಬರೆದುಕೊಂಡರು. ಬಗ್ಗಿದ ಬೆನ್ನಿಗೆ ಹಿಂದೆ ಬಟ್ಟೆ ಜಾಸ್ತಿ ಬೇಕು, ಮುಂದೆ ಕಮ್ಮಿ ಸಾಕು. ಅದನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡರು.

ಆ ವಾರವೇ ನಾಟಕದ ಮೇಷ್ಟ್ರು ಮಕ್ಕಳನ್ನೆಲ್ಲ ಮೈದಾನದ ಈ ತುದಿಯಲ್ಲಿ ನಿಲ್ಲಿಸಿ, ಕಿರುಚದೆ ಆ ತುದಿಯವರೆಗೆ ಮಾತು ಮುಟ್ಟಿಸಿ ಎಂದರು. ಕೆಲವರ ಮಾತು ಅರ್ಧಕ್ಕೇ ಸುಸ್ತಾಯಿತು. ಉದ್ದದ ಹುಡುಗಿ ನೆಲ ನೋಡಿಕೊಂಡೇ, "ಯಾರಿದ್ದೀರಿ ಅಲ್ಲಿ?" ಎಂದಳು. ಗೇಟಿನ ಕಾವಲುಗಾರ ಬೆತ್ತ ಹಿಡಿದು ಓಡಿಬಂದ. "ಯಾರಮ್ಮಾ ಕರೆದಿದ್ದು? ಕೂತಿದ್ದೋನು ಎದ್ದೇಬಿಟ್ನಲ್ಲ!"

ಮೇಷ್ಟ್ರು ನಕ್ಕರು. "ಮರದ ಪಾತ್ರ ಬೇರೆ ಯಾರಿಗಾದ್ರೂ ಕೊಡೋಣ. ನೀನು ರಾಣಿ."

ನಾಟಕದ ರಾಣಿಗೆ ಒಂದೇ ಒಂದು ದೊಡ್ಡ ದೃಶ್ಯ. ಯುದ್ಧ ಸೋತ ಮೇಲೆ ಗೆದ್ದವರ ಮುಂದೆ ಬಂದು ನಿಂತು, ತನ್ನ ಜನರನ್ನು ಬಿಟ್ಟುಬಿಡಿ ಎಂದು ಕೇಳಬೇಕು. ಬೇಡಬಾರದು, ಕೇಳಬೇಕು. ಮೇಷ್ಟ್ರು ದಿನಾ ಇದನ್ನೇ ಹೇಳಿದರು. ಹುಡುಗಿ ದಿನಾ ಬೆಳಿಗ್ಗೆ ಗೋಡೆಗೆ ಬೆನ್ನು ಹಚ್ಚಿ ಉಸಿರು ಎಳೆದಳು, ತಲೆಯ ಮೇಲೆ ಪುಸ್ತಕ ಹೊತ್ತು ಮೆಟ್ಟಿಲು ಹತ್ತಿದಳು. ಮೂರು ವಾರದಲ್ಲಿ ಅವಳ ಬೆನ್ನು ಒಂದೊಂದೇ ಮಡಿಕೆ ಬಿಚ್ಚಿಕೊಂಡಿತು. ಪ್ರಯೋಗಶಾಲೆಯಲ್ಲಿ ಸೂಜಿಗೆ ಕಣ್ಣಿಟ್ಟು ಕೂತಿದ್ದ ಟೇಪಮ್ಮ ಮಾತ್ರ ಇದನ್ನು ನೋಡಲೇ ಇಲ್ಲ. ಸಭಾಂಗಣದ ಹಳೇ ಪರದೆ ಕತ್ತರಿಸಿ, ನೋಟ್‌ಬುಕ್ಕಿನಲ್ಲಿ ಇದ್ದಂತೆಯೇ ಕಡುಗೆಂಪು ನಿಲುವಂಗಿ ಹೊಲಿದು ಇಸ್ತ್ರಿ ಮಾಡಿಟ್ಟರು.

ನಾಟಕಕ್ಕೆ ಒಂದು ದಿನ ಮುಂಚೆ ಬೆಳಿಗ್ಗೆ ಬಟ್ಟೆ ತೊಟ್ಟು ಅಭ್ಯಾಸ. ಹುಡುಗಿ ನಿಲುವಂಗಿ ತೊಟ್ಟು ನೆಟ್ಟಗೆ ನಡೆದು ಬಂದಳು. ಮುಂದೆ ಅಂಗಿ ಮೊಣಕಾಲಿನತ್ತ ಏರಿತ್ತು. ಹಿಂದೆ ನೆಲ ಗುಡಿಸುತ್ತಿತ್ತು. ಕತ್ತು ಹಿಡಿದು ಯಾರೋ ಹಿಂದಕ್ಕೆ ಎಳೆದ ಹಾಗೆ.

"ಅಯ್ಯೋ, ಏಣಿಗೆ ಪರದೆನೂ ಸಾಲ್ಲಿಲ್ಲ ಕಣ್ರೇ!" ಎಂದಳು ಅವಳ ಶಾಲೆಯವಳೊಬ್ಬಳು. ನಗು ಹರಡಿತು.

ಆಗ ಹುಡುಗಿ ಏನು ಮಾಡಿದಳು ಗೊತ್ತೇ? ಹೆಗಲು ಮುಂದಕ್ಕೆ ತಂದಳು, ಗಲ್ಲ ಇಳಿಸಿದಳು, ಬೆನ್ನು ಬಗ್ಗಿಸಿದಳು. ನಿಲುವಂಗಿ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಮೈಗೆ ಕೂತಿತು. ಅಂಚು ಸುತ್ತಲೂ ಸಮ. ಟೇಪಮ್ಮ ತಮ್ಮ ಜೀವನದಲ್ಲೇ ಅಷ್ಟು ಚೆನ್ನಾಗಿ ಹೊಲಿದಿರಲಿಲ್ಲ.

"ಸರಿಹೋಯ್ತಲ್ಲ ಆಂಟಿ. ಹೀಗೇ ನಿಲ್ತೀನಿ ಬಿಡಿ" ಎಂದಳು ಹುಡುಗಿ. ಮಾತಾಡಿ ತೋರಿಸಿದಳು. ಮಾತು ಮೂರನೇ ಸಾಲಿನ ಕುರ್ಚಿ ದಾಟಲಿಲ್ಲ. ಮೇಷ್ಟ್ರ ಮುಖ ಬಾಡಿತು.

ಟೇಪಮ್ಮನಿಗೆ ಆಗ ಅರ್ಥವಾಯಿತು. ಮಗು ಮೂರು ವಾರ ಕಷ್ಟಪಟ್ಟು ಕಳಚಿಟ್ಟದ್ದನ್ನು ತಾವೇ ಹೊಲಿದು, ಗುಂಡಿ ಹಾಕಿ, ವಾಪಸ್ಸು ತೊಡಿಸಿದ್ದರು! ಹತ್ತು ವರ್ಷದ ಜಂಬ ಅಲ್ಲೇ ಕಾಲಡಿಗೆ ಬಿತ್ತು. ಎದ್ದು ರಂಗಕ್ಕೆ ಹತ್ತಿದರು.

"ಬಿಚ್ಚು ಅದನ್ನ."

"ಬೇಡ ಆಂಟಿ, ನಾಳೆನೇ ನಾಟಕ. ನಾನೇ ಅಡ್ಜಸ್ಟ್ ಮಾಡ್ಕೋತೀನಿ."

"ಬಟ್ಟೆಗೆ ನೀನ್ಯಾಕೆ ಅಡ್ಜಸ್ಟ್ ಆಗ್ಬೇಕು? ಬಟ್ಟೆ ಏನು ನಿಮ್ಮತ್ತೇನಾ?"

ಕಣ್ಣು ತುಂಬಿದ್ದರೂ ಹುಡುಗಿಗೆ ನಗು ಬಂತು. ಟೇಪಮ್ಮ ನಲವತ್ತು ಮಕ್ಕಳತ್ತ ತಿರುಗಿದರು. "ಎಲ್ಲ ಕೇಳಿಸ್ಕೊಳ್ಳಿ. ತಪ್ಪು ಅಳತೆ ತೆಗೆದಿದ್ದು ನಾನು. ಈ ಹುಡುಗಿ ಮೂರು ವಾರದಲ್ಲಿ ಬೆಳೆದಳು, ನಾನು ನೋಡ್ಲಿಲ್ಲ. ನಗೋದಾದ್ರೆ ನನ್ನ ನೋಡಿ ನಗಿ." ಒಬ್ಬರೂ ನಗಲಿಲ್ಲ.

ಆಮೇಲೆ ಕೊರಳಿನ ಟೇಪು ತೆಗೆದರು. "ಈಗ ನಿಂತ್ಕೋ. ಆಗಲೇ ಹೇಗೆ ನಡೆದು ಬಂದ್ಯೋ ಹಾಗೆ."

ಹುಡುಗಿ ಒಂದು ಗಳಿಗೆ ಹಾಗೇ ಇದ್ದಳು. ಎಲ್ಲರ ಕಣ್ಣೂ ಅವಳ ಮೇಲೆ. ಆಮೇಲೆ ಉಸಿರೆಳೆದು ನೆಟ್ಟಗಾದಳು, ಪೂರ್ತಿ. ಟೇಪಮ್ಮ ಸ್ಟೂಲು ತರಿಸಿಕೊಂಡು ಹತ್ತಿ ಅಳತೆ ತೆಗೆದರು.

ಬೇರೆ ಬಟ್ಟೆ ಇರಲಿಲ್ಲ. ಬಗ್ಗಿದ ಬೆನ್ನಿಗೆಂದು ಹಿಂದೆ ಬಿಟ್ಟಿದ್ದ ಬಟ್ಟೆಯನ್ನೇ ಕತ್ತರಿಸಿ, ಮುಂದೆ ಸೊಂಟದ ಬಳಿ ಅಗಲವಾದ ಪಟ್ಟಿ ಕೂಡಿಸುವುದೆಂದು ಆಯಿತು. ಮೊದಲು ಹೊಲಿಗೆಯೆಲ್ಲ ಬಿಚ್ಚಬೇಕು. ಪ್ರಯೋಗಶಾಲೆಯ ಉದ್ದ ಮೇಜಿನ ಸುತ್ತ ಮಕ್ಕಳು ಬ್ಲೇಡು, ಸೂಜಿ ಹಿಡಿದು ಕೂತರು. ಏಣಿ ಎಂದವಳೂ ಬಂದಳು.

"ನಂಗೂ ಒಂದು ಅಂಚು ಕೊಡಿ ಆಂಟಿ."

"ನಾಲಿಗೆಯಷ್ಟು ಚುರುಕಾಗಿ ಕೈ ಓಡಿಸ್ತೀಯಾ?"

"ಪ್ರಯತ್ನ ಮಾಡ್ತೀನಿ" ಎಂದು ತಲೆ ತಗ್ಗಿಸಿ, ಉದ್ದದ ಹುಡುಗಿಯ ಪಕ್ಕದಲ್ಲೇ ಕೂತಳು. ಒಂದು ಹೊಲಿಗೆ ಬಿಚ್ಚಿ, "ಸಾರಿ ಕಣೇ" ಎಂದಳು. "ದಾರ ಎಳೀಬೇಡ, ಬಟ್ಟೆ ಹರಿಯತ್ತೆ" ಎಂದಳು ಹುಡುಗಿ. ಅಷ್ಟಕ್ಕೇ ಮುಗಿಯಿತು.

ಮರುದಿನ ಸಂಜೆ ರಾಣಿ ರಂಗಕ್ಕೆ ಬಂದಾಗ ಟೇಪಮ್ಮ ಪರದೆಯ ಮರೆಯಲ್ಲಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದರು. ದರ್ಜಿಯ ಕಣ್ಣು ಮೊದಲು ಹೋಗುವುದು ಅಂಚಿಗೆ. ಅಂಚು ಎಡಗಡೆ ಅರ್ಧ ಬೆರಳು ಓರೆಯಾಗಿತ್ತು. ಥತ್, ಎಂದುಕೊಂಡರು. ಅಷ್ಟರಲ್ಲಿ ಹುಡುಗಿ ಗಲ್ಲ ಎತ್ತಿ, "ನನ್ನ ಜನರನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ" ಎಂದಳು. ಕೊನೆಯ ಸಾಲಿನಲ್ಲಿ ಗುಸುಗುಸು ಮಾತಾಡುತ್ತಿದ್ದ ತಂದೆತಾಯಿಯರು ತೆಪ್ಪಗಾದರು. ಅಂಚಿನ ವಿಚಾರ ಟೇಪಮ್ಮನಿಗೆ ಮತ್ತೆ ನೆನಪಾದದ್ದು ನಾಟಕ ಮುಗಿದು ಬಟ್ಟೆ ಮಡಚುವಾಗ.

ಆ ವರ್ಷದಿಂದ ಟೇಪಮ್ಮ ಮೊದಲ ವಾರದ ಅಳತೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಒಳಮಡಿಕೆಯಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ. ಮೂರನೇ ವಾರ ಮುಗಿಯುವಾಗ ಎಲ್ಲರನ್ನೂ ಮತ್ತೆ ಸಾಲಾಗಿ ನಿಲ್ಲಿಸುತ್ತಾರೆ.

"ಆವತ್ತೇ ತಗೊಂಡ್ರಲ್ಲ ಆಂಟಿ?" ಎಂದು ಮಕ್ಕಳು ಗೊಣಗುತ್ತಾರೆ.

"ಅದು ಆವತ್ತಿನವರದು" ಎಂದು ಟೇಪಮ್ಮ ರಬ್ಬರು ಹುಡುಕುತ್ತಾರೆ.