ನಾಲ್ಕನೆಯ ಹಾಡು ಮುಗಿದ ಮೇಲೆ

ಯಾವುದೇ ಹಾಡು ಮುಗಿದ ಕೂಡಲೇ ಹಿಂದಕ್ಕೆ ತಿರುಗಿ ನೋಡುವ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಮದುವೆ ಮನೆಯಲ್ಲಿ ವಾಲಗ ನಿಂತರೆ ನೋಡುತ್ತೇನೆ. ಹೋಟೆಲಿನ ರೇಡಿಯೋ ಒಂದು ಗಳಿಗೆ ಸುಮ್ಮನಾದರೂ ನೋಡುತ್ತೇನೆ. ಹಿಂದಿನ ಮೇಜಿನವರು ಇವನ ಕಣ್ಣು ನಮ್ಮ ಊಟದ ಮೇಲಿದೆ ಎಂದುಕೊಂಡು ತಟ್ಟೆಯನ್ನು ಒಂದಿಷ್ಟು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ನಾನು ಹುಡುಕುತ್ತಿರುವುದು ಅವರ ಬಿರಿಯಾನಿಯನ್ನಲ್ಲ, ಒಂದು ಟಿಪ್ಪರ್ ಲಾರಿಯನ್ನು ಎಂದು ಅವರಿಗೆ ಹೇಗೆ ಹೇಳಲಿ?

ಹೋಟೆಲಿನಲ್ಲಿ ಹೀಗಾದರೆ ನಷ್ಟವಿಲ್ಲ. ಕಾರಿನ ವಿಷಯ ಬೇರೆ. ಹಾಡು ಹಾಕಿದ ಕಾರಿನಲ್ಲಿ ಕೂರುವುದು ನನಗೆ ಬಹಳ ದಿನ ಸಾಧ್ಯವೇ ಆಗಲಿಲ್ಲ. ಹೈದರಾಬಾದಿನಂಥ ಊರಿನಲ್ಲಿ ಹಾಡಿಲ್ಲದ ಕಾರು ಹುಡುಕುವುದಕ್ಕಿಂತ ಕಾರನ್ನೇ ಬಿಡುವುದು ಸುಲಭ. ನಾನು ಬಿಟ್ಟೆ. ಮತ್ತೆ ಎಂದಾದರೂ ಎಲ್ಲರಂತೆ ನೆಮ್ಮದಿಯಾಗಿ ಒಂದು ಕಾರಿನಲ್ಲಿ ಕೂತು, ಒಂದು ಹಾಡಿನಿಂದ ಇನ್ನೊಂದು ಹಾಡಿಗೆ ಹೋಗಬಲ್ಲೆನೇ ಎಂಬುದು ಆಮೇಲೆ ನನ್ನ ಬದುಕಿನ ಮುಖ್ಯ ಪ್ರಶ್ನೆಯಾಗಿ ಕೂತಿತು.

ರೋಗದ ಮೂಲ ಒಂದು ರಾಕ್ ಆಲ್ಬಮ್. ಗಚ್ಚಿಬೌಲಿಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಪ್ರತಿ ಕಟ್ಟಡದಲ್ಲೂ ಒಂದು ಕ್ಯಾಂಟೀನು, ಒಂದು ಟೇಬಲ್ ಟೆನಿಸ್ ಮೇಜು, ಮತ್ತು ಸರ್ಕಾರಿ ಆದೇಶವಾಗಿದೆಯೋ ಎಂಬಂತೆ ಒಂದು ರಾಕ್ ಬ್ಯಾಂಡು ಇರುತ್ತಿದ್ದವು. ನಮ್ಮ ಕಟ್ಟಡದ ಬ್ಯಾಂಡಿನಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದವನು ಗಿರೀಶ, ನನ್ನ ಹೆಂಡತಿ ವಿಜಯಾಳ ತಮ್ಮ. ಡ್ರಮ್ ಬಾರಿಸುತ್ತಿದ್ದವನು ಹುಮನಾಬಾದಿನ ಇಮ್ತಿಯಾಜ್. ಗಿರೀಶ ನನ್ನನ್ನು ಮಾಮಾ ಎನ್ನುತ್ತಿದ್ದುದರಿಂದ ಇಮ್ತಿಯಾಜನಿಗೂ ನಾನು ಮಾಮಾ ಆಗಿದ್ದೆ. ಬೇಸ್ ಗಿಟಾರಿಗೆ ಒಬ್ಬ ಇರುತ್ತಿದ್ದ. ಅವನಿಗೆ ಹಾಡುಗಳೆಲ್ಲ ಬಾಯಿಪಾಠವಾಗುವ ಹೊತ್ತಿಗೆ ಸರಿಯಾಗಿ ಕಂಪನಿ ಅವನನ್ನು ಪರದೇಶಕ್ಕೆ ಕಳಿಸಿ ಇನ್ನೊಬ್ಬನನ್ನು ತರುತ್ತಿತ್ತು. ನನಗೆ ಯಾವ ವಾದ್ಯವೂ ಬರುವುದಿಲ್ಲ. ಆದರೆ ನನ್ನ ಬಳಿ ಕಾರಿತ್ತು. ಬ್ಯಾಂಡಿನಲ್ಲಿ ಅದು ಸಣ್ಣ ಅರ್ಹತೆಯಲ್ಲ.

ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯ ಶೆಡ್ಡಿನಲ್ಲಿ, ಯಂತ್ರಗಳಿಗೆ ರಜೆಯಿರುವ ಭಾನುವಾರಗಳಂದು, ಎಂಟು ಹಾಡುಗಳು ತಯಾರಾದವು. ಹಾಡು ಕಟ್ಟುವಾಗ ಗಿರೀಶ, ಇಮ್ತಿಯಾಜ್ ಇಬ್ಬರೂ ಒಂದು ಮಾತೂ ಜಗಳವಾಡಲಿಲ್ಲ. ಜಗಳ ಶುರುವಾದದ್ದು ಎಲ್ಲ ಮುಗಿದ ಮೇಲೆ, ಯಾವ ಹಾಡಿನ ಹಿಂದೆ ಯಾವ ಹಾಡು ಹೇಗೆ ಬರಬೇಕು ಎಂಬುದರ ಮೇಲೆ.

ಇದೇನು ಮಹಾ ಎಂದು ನೀವು ಅನ್ನಬಹುದು. ನಾನೂ ಅಂದಿದ್ದೆ. ಆದರೆ ಯೋಚಿಸಿ ನೋಡಿ, ಕ್ರಮ ಎಂಬುದನ್ನು ನಾವು ಹಗುರವಾಗಿ ತೆಗೆದುಕೊಂಡವರೇ ಅಲ್ಲ. ನಮ್ಮ ಕಡೆ ಊಟಕ್ಕೆ ಕೂತರೆ ರೊಟ್ಟಿಯ ಸರದಿ ಮುಗಿಯದೆ ಅನ್ನ ಬರುವಂತಿಲ್ಲ. ಗವಾಯಿಗಳು ವಿಲಂಬಿತದಲ್ಲಿ ಇನ್ನೂ ಹಾಸಿಗೆ ಬಿಟ್ಟೇಳದವರಂತೆ ಶುರುಮಾಡಿ, ದ್ರುತಕ್ಕೆ ಬರುವಾಗ ರೈಲು ತಪ್ಪಿಹೋಗುತ್ತದೆಂಬವರಂತೆ ಓಡುತ್ತಾರೆ. ಕಡೆಯದಾಗಿ ಭೈರವಿ ಎತ್ತಿಕೊಂಡರೆಂದರೆ ಹಿಂದಿನ ಸಾಲಿನವರು ಚಪ್ಪಲಿ ಹುಡುಕತೊಡಗುತ್ತಾರೆ. ರಾಕ್ ಆಲ್ಬಮಿನದು ಇದಕ್ಕೆ ಉಲ್ಟಾ ಶಿಷ್ಟಾಚಾರ: ಮೊದಲು ಕೊರಳಪಟ್ಟಿ ಹಿಡಿಯುವುದು, ಆಮೇಲೆ ಕ್ಷೇಮಸಮಾಚಾರ ವಿಚಾರಿಸುವುದು. ಮೊದಲ ಹಾಡಿಗೆ ಗದ್ದಲ ಬೇಕು. ಎರಡನೆಯದಕ್ಕೆ ಇನ್ನಷ್ಟು ಗದ್ದಲ ಬೇಕು. ಮೂರನೆಯದು ಎಲ್ಲರ ಬಾಯಲ್ಲೂ ಉಳಿಯುವಂತಿರಬೇಕು. ನಾಲ್ಕನೆಯದರಲ್ಲಿ ಸಿಟ್ಟು ನೆತ್ತಿಗೇರಬೇಕು. ಐದನೆಯದರಲ್ಲಿ ಒಂದೇ ಗಿಟಾರು ಮೆಲ್ಲಗೆ ಬಂದು ಸಮಾಧಾನ ಹೇಳಬೇಕು.

ಇಲ್ಲಿಯವರೆಗೆ ಇಬ್ಬರೂ ಒಪ್ಪಿದ್ದರು. ತಕರಾರಿದ್ದುದು ನಾಲ್ಕು ಮತ್ತು ಐದರ ನಡುವಿನ ಜಾಗಕ್ಕೆ. ಅಲ್ಲಿ ಕೇಳುವವನು ನಾಲ್ಕು ಸಲ ಉಸಿರಾಡುವಷ್ಟು ಮೌನ ಬೇಕೆಂದು ಗಿರೀಶನ ಹಟ. ಅವನು ಕ್ಯಾಸೆಟ್ಟಿನ ಕಾಲದ ಭಕ್ತ. ಕ್ಯಾಸೆಟ್ಟಿನಲ್ಲಿ ಒಂದು ಬದಿ ಮುಗಿದರೆ ಗುಂಡಿ ಟಕ್ಕೆಂದು ನೆಗೆಯುತ್ತಿತ್ತು. ಯಾರಾದರೂ ಎದ್ದು ಹೋಗಿ ಮಗುಚಿ ಹಾಕಬೇಕಿತ್ತು. ಎದ್ದವನು ಹಾಗೇ ನೀರು ಕುಡಿಯುತ್ತಿದ್ದ, ಅಷ್ಟರಲ್ಲಿ ಒಳಗಿನಿಂದ ಅಮ್ಮ ಏನಾದರೂ ಕೆಲಸ ಹೇಳುತ್ತಿದ್ದಳು. ಎರಡನೆಯ ಬದಿಯ ಮೊದಲ ಹಾಡು ಎಷ್ಟೋ ಸಲ ಮರುದಿನ ಶುರುವಾಗುತ್ತಿತ್ತು. ಸಿ.ಡಿ. ಬಂದು ಆ ಬಿಡುವನ್ನು ನುಂಗಿತು, ಅದನ್ನು ನಾನು ವಾಪಸು ಕೊಡಿಸುತ್ತೇನೆ ಎನ್ನುವುದು ಗಿರೀಶನ ಘೋಷಣೆ.

ಇಮ್ತಿಯಾಜನಿಗೆ ಮೌನವೆಂದರೆ ಆಗದು. ಹಾಡಿನ ಬಾಲ ಹಿಡಿದೇ ಮುಂದಿನ ಹಾಡು ಬರಬೇಕು ಎನ್ನುತ್ತಿದ್ದ.

"ನಡುವ ಖಾಲಿ ಬಿಟ್ರ ಮಂದಿ ಎದ್ದ್ ಹೋಗ್ತಾರ್ರೀ ಮಾಮಾ. ಶಾದಿಯೊಳಗ ಊಟಕ್ಕ ಕೂತವ್ರಿಗೆ ಬಗೋಣಿ ಖಾಲಿ ಆಗೇದ ಅಂತ ಹೇಳ್ದಂಗ ಆಗ್ತದ."

"ಇಂವಗ ಸುಮ್ಮ ಕೂಡಾಕ ಬರಂಗಿಲ್ಲ ಮಾಮಾ," ಎಂದು ಗಿರೀಶ ಹೇಳುತ್ತಿದ್ದ. "ಹುಟ್ಟಿದಾಗಿಂದ ಏನರೆ ಒಂದು ಬಡ್ಯಾಕತ್ತಾನ."

"ನೀ ಸುಮ್ಮ ಕೂತೇನ್ ಮಾಡಿದಿ? ನಾಕ್ ಉಸುರು ಎಳ್ಯಾಕ ಮಂದಿ ಸಿ.ಡಿ. ಯಾಕ ತಗೋಬೇಕು, ಮನ್ಯಾಗ ಫುಕಟ್ ಎಳ್ಕೋತಾರ."

ನ್ಯಾಯ ಕಡೆಗೆ ನನ್ನ ಕಾರಿನ ಬಳಿ ಬಂತು. ಸಂಗೀತದ ಮಂದಿಯಲ್ಲಿ ಒಂದು ಪದ್ಧತಿಯಿದೆ: ಧ್ವನಿಮುದ್ರಣ ಮುಗಿದ ಮೇಲೆ ಅದನ್ನು ಸಾಧಾರಣ ಕಾರೊಂದರಲ್ಲಿ ಹಾಕಿಕೊಂಡು ಸುತ್ತಾಡುವುದು. ದೊಡ್ಡ ಸ್ಪೀಕರುಗಳು ಮುಖಸ್ತುತಿ ಮಾಡುತ್ತವೆ, ಕಾರಿನ ಸ್ಪೀಕರು ಮಾತ್ರ ಇದ್ದದ್ದನ್ನು ಇದ್ದಹಾಗೆ ಹೇಳುತ್ತದೆ ಎಂದು ಅವರ ನಂಬಿಕೆ. ಅದರಂತೆ ಗಿರೀಶನ ಕ್ರಮದ ಒಂದು ಸಿ.ಡಿ., ಇಮ್ತಿಯಾಜನ ಕ್ರಮದ ಇನ್ನೊಂದು ಸಿ.ಡಿ. ತಯಾರಾದವು. ಹೋಗುವಾಗ ಗಿರೀಶನದು, ಬರುವಾಗ ಇಮ್ತಿಯಾಜನದು. ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾವು ಮೂವರೂ ಶಂಶಾಬಾದಿನ ದಾರಿ ಹಿಡಿದೆವು. ಕಾರು ಓಡಿಸುತ್ತಿದ್ದವನು ನಾನು.

ಹೊರಗಿನ ಸದ್ದು ಬೇಡವೆಂದು ಗಿರೀಶ ನಾಲ್ಕೂ ಕಿಟಕಿ ಏರಿಸಿದ. ಎ.ಸಿ.ಯ ಗಾಳಿಯ ಸದ್ದೂ ಬೇಡವೆಂದು ಇಮ್ತಿಯಾಜ್ ಅದನ್ನು ಆರಿಸಿದ. ಅವರಿಬ್ಬರೂ ಒಮ್ಮತಕ್ಕೆ ಬಂದ ಕೆಲವೇ ಸಂಗತಿಗಳಲ್ಲಿ ಇದೊಂದು. ಹೈದರಾಬಾದಿನ ಏಪ್ರಿಲ್ಲಿನಲ್ಲಿ ಮುಚ್ಚಿದ ಕಾರಿನೊಳಗೆ ಬೆವರು ಸುರಿಸುತ್ತ ಕೂತ ಮೂವರು ಪದವೀಧರರನ್ನು ಆ ಹೊತ್ತು ಯಾರಾದರೂ ನೋಡಿದ್ದರೆ ನಮ್ಮ ದೇಶದ ತಾಂತ್ರಿಕ ಭವಿಷ್ಯದ ಬಗ್ಗೆ ಚಿಂತಿಸುತ್ತಿದ್ದರು.

ನಾಲ್ಕನೆಯ ಹಾಡು ಮುಗಿಯುತ್ತ ಬಂದಾಗ ಕಾರು ಫ್ಲೈಓವರಿನ ಇಳಿಜಾರಿನ ಬುಡದಲ್ಲಿತ್ತು. ಆ ಹಾಡಿನಲ್ಲಿ ಇಮ್ತಿಯಾಜ್ ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸಿದ್ದಾನೆ. ಕಾರಿನ ಬಾಗಿಲುಗಳು ನಡುಗುತ್ತಿದ್ದವು, ನಾನೂ ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದೆ. ಹಾಡು ಕಡಿದು ಬಿದ್ದಂತೆ ನಿಂತಿತು. ಗಿರೀಶನ ಮೌನ ಶುರುವಾಯಿತು.

ಆ ಮೌನದೊಳಗೆ ಒಂದು ಹಾರ್ನ್ ಇತ್ತು.

ಹೊಡೆದು ಬಿಟ್ಟು ಹೊಡೆಯುವ ಹಾರ್ನಲ್ಲ, ಒತ್ತಿದ ಕೈ ತೆಗೆಯದ ಹಾರ್ನ್. ಕನ್ನಡಿಯಲ್ಲಿ ನೋಡಿದೆ. ಆಕಾಶ ಕಾಣಬೇಕಾದ ಜಾಗದಲ್ಲಿ ಜಲ್ಲಿ ತುಂಬಿದ ಟಿಪ್ಪರಿನ ಮುಖ ಕಂಡಿತು. ಸ್ಟಿಯರಿಂಗನ್ನು ಎಡಕ್ಕೆ ಎಳೆದವನು ನಾನೇ ಅಂತೆ. ನನಗೆ ನೆನಪಿರುವುದು ಕಾರು ರಸ್ತೆಬದಿಯ ಮಣ್ಣಿಗೆ ಇಳಿದದ್ದು, ಬಲಗಡೆಯ ಕನ್ನಡಿ ಚಟ್ಟೆಂದು ಹಾರಿಹೋದದ್ದು, ಒಂದು ದೊಡ್ಡ ನೆರಳು ಮೈಮೇಲೆ ಹಾದುಹೋದಂತಾದದ್ದು ಅಷ್ಟೇ. ಬ್ರೇಕ್ ಕಳಕೊಂಡ ಆ ಟಿಪ್ಪರು ಮುಂದೆ ಹೋಗಿ ರಸ್ತೆ ಕೆಲಸಕ್ಕೆಂದು ಸುರಿದಿದ್ದ ಮಣ್ಣಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು.

ಧೂಳು ಇಳಿಯುತ್ತಿತ್ತು. ಅಷ್ಟರಲ್ಲಿ ಐದನೆಯ ಹಾಡಿನ ಒಂಟಿ ಗಿಟಾರು, ಏನೂ ಆಗಿಲ್ಲವೆಂಬಂತೆ, ಮೆಲ್ಲಗೆ ಎದ್ದುಬಂತು.

"ಮಾಮಾ," ಎಂದ ಗಿರೀಶ. ಹಲ್ಲುಗಳು ಕಟಕಟ ಅನ್ನುತ್ತಿದ್ದವು. "ಗ್ಯಾಪು... ಭಾಳ ಛಲೋ ಕೂತದ ನೋಡ್ರಿ."

ಟಿಪ್ಪರಿನ ಚಾಲಕ ಇಳಿದು ಬಂದು, ನಮ್ಮ ಗಾಜು ಬಡಿದು, "ಚೆವುಡಾ ಮೀಕು?" ಎಂದು ಕೂಗಿದ. ನೀವೇನು ಕಿವುಡರೇ ಎಂದು ತೆಲುಗಿನಲ್ಲಿ ಕೇಳಿದ್ದು. ಇಳಿಜಾರಿನ ತಲೆಯಿಂದಲೇ ಹಾರ್ನ್ ಒತ್ತಿಕೊಂಡು ಬಂದಿದ್ದನಂತೆ. ಅಷ್ಟು ಕೂಗಿ ಅವನು ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತು ನೀರು ಕೇಳಿದ. ಇಮ್ತಿಯಾಜ್ ತನ್ನ ಬಾಟಲಿ ಕೊಟ್ಟು ಅವನ ಬೆನ್ನು ಸವರುತ್ತ ನಿಂತ.

ಅಂದಿನಿಂದ ಗಿರೀಶನ ಮೌನ ಪವಾಡದ ಸ್ಥಾನಕ್ಕೇರಿತು. ಕಲಬುರಗಿಯಿಂದ ನನ್ನ ಅತ್ತೆ ಫೋನು ಮಾಡಿ, "ಅದೇನೋ ಗ್ಯಾಪಂತಲ್ಲಪ್ಪಾ, ಅದನ್ನ ಇನ್ನೊಂದೀಟು ಉದ್ದ ಮಾಡ್ರಿ" ಎಂದು ಅಪ್ಪಣೆ ಕೊಡಿಸಿದರು. ಇಮ್ತಿಯಾಜನ ಪಾಡು ಯಾರಿಗೂ ಬೇಡ. ಅವನ ಸಿ.ಡಿ. ಹಾಕಿದ್ದರೆ ಮೂವರ ಫೋಟೋಗಳಿಗೂ ಹಾರ ಬೀಳುತ್ತಿತ್ತೆಂದು ಕ್ಯಾಂಟೀನಿನಲ್ಲಿ ಮಾತಾಯಿತು.

"ಲಾರಿ ನಾನೇ ಓಡಿಸಿದಂಗ ಮಾತಾಡಾಕತ್ತೀರಲ್ರೀ," ಎಂದು ಅವನು ಒಮ್ಮೆ ನಮ್ಮ ಮನೆಯಲ್ಲೇ ಸಿಡಿದೆದ್ದ. "ನನ್ನ ಸಿ.ಡಿ.ಯೊಳಗ ಗ್ಯಾಪ್ ಇಲ್ಲ ಖರೆ. ಅದಕ್ಕ ಆ ಹೊತ್ತಿಗೆ ಐದನೇ ಹಾಡು ಶುರು ಆಗಿರ್ತಿತ್ತು. ಅದು ತಣ್ಣಂದು. ಹಾರ್ನ್ ಕೇಳ್ತಿದ್ದಿಲ್ಲೇನು?"

ಮಾತಿನಲ್ಲಿ ಹುರುಳಿತ್ತು. ಅದೇ ನನ್ನನ್ನು ಕೆಡಿಸಿದ್ದು. ಕಂಪನಿಯಲ್ಲಿ ನನ್ನದು ಸಾಫ್ಟ್‌ವೇರ್ ಪರೀಕ್ಷಕನ ಕೆಲಸ. ಒಂದು ದೋಷ ಕಂಡರೆ ಅದು ಯಾವ ಯಾವ ಸನ್ನಿವೇಶದಲ್ಲಿ ಮರುಕಳಿಸುತ್ತದೆಂದು ಮಾಡಿ ನೋಡುವುದಕ್ಕೆ ನನಗೆ ಸಂಬಳ. ಸಂಬಳವಿಲ್ಲದೆಯೂ ತಲೆಯೊಳಗೆ ಅದನ್ನೇ ಮಾಡತೊಡಗಿದೆ. ಎರಡನೆಯ ಹಾಡನ್ನು ನಾಲ್ಕಕ್ಕೆ ತಂದರೆ? ಕೊನೆಯದನ್ನು ಮೊದಲಿಗಿಟ್ಟರೆ? ಎಂಟು ಹಾಡುಗಳನ್ನು ನಲವತ್ತು ಸಾವಿರಕ್ಕೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದೆಂದು ಕಾಲೇಜಿನಲ್ಲಿ ಕಲಿತ ಗಣಿತ ಹೇಳುತ್ತದೆ. ಗಣಿತ ನನ್ನ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ, ಅದೂ ಬಗೆಬಗೆಯಾಗಿ ಸಾಯುವುದಕ್ಕೆ. ಪ್ರತಿ ಜೋಡಣೆಯಲ್ಲೂ ಟಿಪ್ಪರು ತನ್ನ ಸಮಯಕ್ಕೇ ಬರುತ್ತಿತ್ತು. ಹಿನ್ನೆಲೆಯ ಹಾಡು ಮಾತ್ರ ಬೇರೆ.

ಕಚೇರಿಯ ಸಭೆಗಳಲ್ಲಿ ಮ್ಯಾನೇಜರು ಎರಡು ವಾಕ್ಯಗಳ ನಡುವೆ ಉಸಿರೆಳೆದರೆ ನಾನು ಹಿಂದೆ ತಿರುಗುತ್ತಿದ್ದೆ. ಹಿಂದಿನ ಸಾಲಿನವನೊಬ್ಬ ನಾನು ತನ್ನ ಮೇಲೆ ನಿಗಾ ಇಟ್ಟಿದ್ದೇನೆಂದು ಹೆದರಿ ತೂಕಡಿಸುವುದನ್ನೇ ಬಿಟ್ಟ. ಮನೆಯಲ್ಲಿ ಟಿ.ವಿ.ಯ ಹಾಡು ಮುಗಿದರೆ ಎದ್ದು ನಿಲ್ಲುತ್ತಿದ್ದೆ.

"ಹಾಡು ಮುಗಿದ್ರ ಮುಗೀತು, ನೀವ್ಯಾಕ ಎದ್ದು ನಿಂದರ್ತೀರಿ?" ಎಂದು ವಿಜಯಾ ಕೇಳುತ್ತಿದ್ದಳು. "ಅದೇನು ರಾಷ್ಟ್ರಗೀತೆ ಏನು?"

ಕಾರಿನ ಬೀಗದಕೈ ಅವಳ ಪಾಲಾಯಿತು. ನಾನು ಕಚೇರಿಯ ಬಸ್ಸು ಹಿಡಿದೆ. ಆ ಬಸ್ಸಿನಲ್ಲಿ ಹಾಡಿರಲಿಲ್ಲ, ಗೊರಕೆಯಿತ್ತು. ಗೊರಕೆಗಳ ನಡುವೆ ಬಿಡುವಿರುತ್ತದೆಂಬುದು ತಡವಾಗಿ ಗೊತ್ತಾಯಿತು.

ಆಲ್ಬಮು ಗಿರೀಶನ ಕ್ರಮದಲ್ಲೇ ಹೊರಬಂತು. ಅಷ್ಟು ಹೊತ್ತಿಗೆ ಹಾಡುಗಳನ್ನು ಇಸ್ಪೀಟಿನಂತೆ ಕಲಸಿ ತಮಗೆ ತೋಚಿದ್ದನ್ನು ಹಾಡುವ ಬೆಂಕಿಪೊಟ್ಟಣದಂಥ ಯಂತ್ರಗಳು ಎಲ್ಲರ ಜೇಬಿಗೂ ಬಂದಿದ್ದವು. ಸಮಾಧಾನದ ಹಾಡು ಮೊದಲೇ ಬಂದು, ಯಾಕೆ ಸಮಾಧಾನವೆಂದು ತಿಳಿಯದೆ ಜನ ಮುಂದೆ ಹೋಗುತ್ತಿದ್ದರು. ಕೇಳಿದವರಲ್ಲಿ ಕೆಲವರು ಹೊಗಳಿದರು. ಆ ಮೌನದ ಬಗ್ಗೆ ಒಬ್ಬನೇ ಒಬ್ಬ ಪ್ರಸ್ತಾಪಿಸಿದ: ಸಿ.ಡಿ. ಅಲ್ಲಿ ಕೆಟ್ಟಿದೆ, ಬೇರೆ ಕೊಡಿ ಎಂದ.

ಒಂದು ಸಂಜೆ ಕಚೇರಿಯ ಬಸ್ಸು ತಪ್ಪಿತು. ಗೇಟಿನ ಬಳಿ ನಿಂತಿದ್ದಾಗ ಪಕ್ಕದಲ್ಲಿ ಒಂದು ಕಾರು ಬಂದು ನಿಂತಿತು. ಇಮ್ತಿಯಾಜ್ ಹೊಸದಾಗಿ ಕೊಂಡ ಹಳೆಯ ಕಾರು.

"ಕೂಡ್ರಿ ಮಾಮಾ."

"ಹಾಡು ಹಾಕಬ್ಯಾಡಪಾ ಮತ್ತ."

"ಹಾಕ್ತೀನ್ರೀ. ಎಷ್ಟ್ ದಿನಾ ಅಂತ ಬಸ್ಸಿನ್ಯಾಗ ಮಂದಿ ಗೊರಕಿ ಕೇಳ್ತೀರಿ? ಕಿಟಕಿ ತಗ್ಯೂನು, ಸಣ್ಣಗ ಹಾಕೂನು. ಬ್ಯಾಡ ಅನಿಸಿದ್ರ ಇಳೀರಿ, ಆಟೋ ಮಾಡಿ ಕೊಡ್ತೀನಿ."

ಕೂತೆ. ಅವನು ಹಾಕಿದ್ದು ತನ್ನ ಸಿ.ಡಿ.ಯನ್ನಲ್ಲ, ಗಿರೀಶನದನ್ನು. ನಾನು ಅವನ ಮುಖ ನೋಡಿದೆ, ಅವನು ರಸ್ತೆ ನೋಡುತ್ತಿದ್ದ. ಮೂರು ಹಾಡು ಹೇಗೋ ಕಳೆದವು. ನಾಲ್ಕನೆಯದಕ್ಕೆ ನನ್ನ ಕೈ ಬಾಗಿಲಿನ ಹಿಡಿಕೆಯನ್ನು ಹಿಡಿದುಕೊಂಡಿತು. ಹಾಡು ಕಡಿದು ಬಿದ್ದಂತೆ ನಿಂತಿತು.

ಮೌನವೆಂದರೆ ಆಗದ ಮನುಷ್ಯ ತುಟಿ ಬಿಗಿಹಿಡಿದು, ಬೆರಳೊಂದನ್ನೂ ಅಲ್ಲಾಡಿಸದೆ, ನನಗೋಸ್ಕರ ಸುಮ್ಮನೆ ಕೂತಿದ್ದ. ನಾನು ಹಿಂದಕ್ಕೆ ತಿರುಗಲಿಲ್ಲ, ಕಿವಿ ಮಾತ್ರ ಕೊಟ್ಟೆ. ಗಚ್ಚಿಬೌಲಿಯ ಸಂಜೆ ತೆರೆದ ಕಿಟಕಿಯಿಂದ ಒಳಗೆ ನುಗ್ಗಿತು. ಒಂದು ಹಾರ್ನ್ ರಸ್ತೆಗೆ ಅಡ್ಡ ನಿಂತ ಎಮ್ಮೆಗೆ. ಒಂದು ಹಾರ್ನ್ ಮೊಬೈಲಿನಲ್ಲಿ ಮಾತಾಡುತ್ತ ಸ್ಕೂಟರು ಓಡಿಸುವವನಿಗೆ. ಒಂದು, ಕೆಂಪು ದೀಪ ಹಸಿರಾಗಲಿ ಎಂದು ದೀಪಕ್ಕೇ. ಇನ್ನೊಂದು ಯಾರಿಗೂ ಅಲ್ಲ, ಆಟೋದವನ ಸಂತೋಷಕ್ಕೆ. ಇಡೀ ಊರು ಗಂಟಲು ಹರಿದುಕೊಳ್ಳುತ್ತಿತ್ತು, ಅದರಲ್ಲಿ ಒಂದೇ ಒಂದು ಕೂಗೂ ನನ್ನನ್ನು ಕುರಿತದ್ದಾಗಿರಲಿಲ್ಲ. ಇಷ್ಟೊಂದು ಜನ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇದ್ದುದಕ್ಕೆ ನಾನು ಅಷ್ಟು ಹಿಗ್ಗಿದ್ದು ಅದೇ ಮೊದಲು. ಐದನೆಯ ಹಾಡು ಯಾವಾಗ ಶುರುವಾಯಿತೋ, ಗಮನಿಸಲಿಲ್ಲ.